ಲೈವ್ ಹೋದಾಗ ಮಾತ್ರ ತಡವರಿಸುತ್ತಿದ್ದ ಕಂಪ್ಯೂಟರ್

ಎರಡು ವರ್ಷದ ಹಿಂದಿನ ಮಾತು. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಇಪ್ಪತ್ತೊಂದು ವರ್ಷ ತುಂಬಿತ್ತು. ಅಂಗಡಿಯ ಮಾಲೀಕ, ರಿಪೇರಿಯವ, ಕಸ ಗುಡಿಸುವವ ಎಲ್ಲ ನಾನೇ. ಸುಟ್ಟ ಮದರ್‌ಬೋರ್ಡ್, ಇಲಿ ಕಡಿದ ಕೇಬಲ್, ಚಹಾ ಕುಡಿದ ಕೀಬೋರ್ಡ್, ನೋಡದೇ ಇದ್ದದ್ದು ಯಾವುದೂ ಇರಲಿಲ್ಲ. ಆದರೆ ಖಾನಾಪುರದ ದಸ್ತಗೀರ್‌ಭಾಯ್ ಅವರ ಕಂಪ್ಯೂಟರಿನ ಹಾಗೆ ನನ್ನ ತಲೆ ತಿಂದದ್ದು ಇನ್ನೊಂದಿಲ್ಲ. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ. ಸಿಟ್ಟು ಕಂಪ್ಯೂಟರಿನ ಮೇಲಂತೂ ಅಲ್ಲ.

ದಸ್ತಗೀರ್‌ಭಾಯ್ ಮೂವತ್ತು ವರ್ಷ ಲಾರಿ ಓಡಿಸಿದವರು. ಗೋವಾ ಕಡೆಯ ಘಾಟಿನ ತಿರುವುಗಳೆಲ್ಲ ಅವರಿಗೆ ಬಾಯಿಪಾಠ. ಅದಕ್ಕೂ ಆರು ವರ್ಷದ ಹಿಂದೆ ಒಂದು ಅಪಘಾತದಲ್ಲಿ ಎಡ ಮೊಣಕಾಲು ನುಜ್ಜುಗುಜ್ಜಾಗಿ ಒಳಗೆ ರಾಡ್ ಹಾಕಿದರು. ಕ್ಲಚ್ ತುಳಿಯುವ ಕಾಲೇ ಅದು. ಅಲ್ಲಿಗೆ ಲಾರಿ ನಿಂತಿತು. ಮನೆಯಲ್ಲಿ ಕೂತು ಕೂತು ಬೇಸತ್ತು, ಲಾರಿ ಓಡಿಸುವ ಕಂಪ್ಯೂಟರ್ ಆಟ ಹಿಡಿದರು. ಮೇಜಿಗೆ ಸ್ಟೇರಿಂಗ್ ಚಕ್ರ ಬಿಗಿದು, ಗೇರನ್ನು ಕೈಯಿಂದಲೇ ಬದಲಿಸುತ್ತ ಆಡುತ್ತಿದ್ದರು. ದಿನಾ ಸಂಜೆ ನಾಲ್ಕಕ್ಕೆ ಇಂಟರ್ನೆಟ್ಟಿನಲ್ಲಿ ಲೈವ್ ಹೋಗಿ ಒಂದು ತಾಸು ಆಡುತ್ತಲೇ ಘಾಟ್ ಹೇಗೆ ಏರಬೇಕು, ಇಳಿಜಾರಿನಲ್ಲಿ ಬ್ರೇಕನ್ನು ಎಷ್ಟು ನಂಬಬೇಕು ಎಂದು ಹೇಳುತ್ತಿದ್ದರು. ನೋಡುವವರು ಎಂಬತ್ತು ತೊಂಬತ್ತು ಜನ, ಹೆಚ್ಚಿನವರು ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡ ಚಾಲಕರೇ. ಆ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನು.

ಒಂದು ದಿನ ಅದನ್ನು ಪರಿಚಯದವರ ಟೆಂಪೋದಲ್ಲಿ ಹೇರಿಕೊಂಡು ಅಂಗಡಿಗೆ ಬಂದರು. ವಿಡಿಯೋ ನಿಂತು ನಿಂತು ಬರುತ್ತದೆ ಎಂಬ ದೂರು. ಜೊತೆಗೆ ಇನ್ನೊಂದು ಸುದ್ದಿಯನ್ನೂ ತಂದಿದ್ದರು. ಪೀರನವಾಡಿಯ ಒಂದು ಡ್ರೈವಿಂಗ್ ಶಾಲೆಯ ಮಾಲೀಕರು ಇವರ ಲೈವ್ ನೋಡಿದ್ದರಂತೆ. ಹೆವಿ ವಾಹನ ಕಲಿಯುವವರನ್ನು ರಸ್ತೆಗೆ ಇಳಿಸುವ ಮೊದಲು ದಿನಾ ಒಂದು ತಾಸು ಪಾಠ ಬೇಕು. ದಸ್ತಗೀರ್‌ಭಾಯ್ ಮನೆಯಲ್ಲೇ ಕೂತು ಓಡಿಸುತ್ತ ಹೇಳಿಕೊಡುವುದು, ಶಾಲೆಯಲ್ಲಿ ದೊಡ್ಡ ಪರದೆಯ ಮೇಲೆ ಕಲಿಯುವವರು ನೋಡುವುದು. ಮೂರು ವಾರ ಬಿಟ್ಟು ಬರುವ ಶನಿವಾರ ನಾಲ್ಕಕ್ಕೆ ಒಂದು ಪಾಠ ನೋಡುತ್ತೇನೆ, ವಿಡಿಯೋ ಹೀಗೇ ತಡವರಿಸಿದರೆ ಬೇರೆಯವರನ್ನು ಹುಡುಕುತ್ತೇನೆ ಎಂದು ಮಾಲೀಕರು ಹೇಳಿದ್ದರು.

"ಆರು ವರ್ಷ ಆತ್ರಿ ಸಾಹೇಬ್ರ, ಯಾರೂ ನನ್ನ ಡ್ರೈವರ್ ಅಂತ ಕರದಿಲ್ಲ" ಎಂದರು. "ಇದೂ ಹೋದ್ರ ಇನ್ನ ಕರಿಯಾವ್ರ ಯಾರೂ ಇಲ್ಲ. ಏನರ ಮಾಡ್ರಿ, ಆದ್ರ ಗಾಡಿ ಜಗ್ಗಬಾರದ್ರಿ."

ಚಿಂತೆ ಬಿಡಿ, ಎರಡು ದಿನದ ಕೆಲಸ ಎಂದೆ. ಆ ಮಾತು ಆಡಬಾರದಿತ್ತು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪರದೆಯ ಮೇಲಿನ ಓಟ ನಿಜವಾಗಿ ಸಾಲುಸಾಲು ಸ್ಥಿರಚಿತ್ರಗಳು. ಒಂದು ಸೆಕೆಂಡಿಗೆ ಅರವತ್ತು ಚಿತ್ರ ಬಂದರೆ ಕಣ್ಣಿಗೆ ನಯವಾಗಿ ಕಾಣುತ್ತದೆ. ಇದೇ ಫ್ರೇಮ್ ರೇಟ್. ಇಪ್ಪತ್ತಕ್ಕೆ ಇಳಿದರೆ ಲಾರಿ ಕುಂಟುತ್ತದೆ. ಲೈವ್ ಹೋಗುವಾಗ ಕಂಪ್ಯೂಟರಿಗೆ ಮೂರು ಕೆಲಸ. ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗ ಆಟದ ಚಿತ್ರಗಳನ್ನು ಬಿಡಿಸಬೇಕು, ಅವುಗಳನ್ನು ವಿಡಿಯೋ ಆಗಿ ಅಡಕ ಮಾಡಬೇಕು, ಆ ವಿಡಿಯೋವನ್ನು ಇಂಟರ್ನೆಟ್ ಮೇಲೆ ಕಳಿಸಬೇಕು. ಈ ಮೂರರಲ್ಲಿ ಯಾವುದು ಸೋತರೂ ನೋಡುವವನಿಗೆ ಕಾಣುವುದು ಒಂದೇ, ತಡವರಿಕೆ.

ಅಂಗಡಿಯಲ್ಲಿ ಎರಡು ತಾಸು ಅದೇ ಆಟ ಓಡಿಸಿ ನೋಡಿದೆ. ಅರವತ್ತಕ್ಕೆ ಅರವತ್ತು. ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಅರವತ್ತೆಂಟು ಡಿಗ್ರಿ ದಾಟಲಿಲ್ಲ, ಅದು ಏನೂ ಅಲ್ಲ. ಧೂಳು ಒರೆಸಿ ವಾಪಸು ಕಳಿಸಿದೆ. ಮರುದಿನ ನಾಲ್ಕೂಕಾಲಿಗೆ ಫೋನ್ ಬಂತು.

"ಸಾಹೇಬ್ರ, ಮತ್ತ ಜಗ್ಗಾಕ ಹತ್ತೈತಿ."

ಹಾಗಾದರೆ ದೋಷ ಅವರ ಮನೆಯ ಇಂಟರ್ನೆಟ್ಟಿನದೇ ಎಂದುಕೊಂಡು ಬಸ್ ಹತ್ತಿ ಖಾನಾಪುರಕ್ಕೆ ಹೋದೆ. ವೈಫೈ ಬಿಡಿಸಿ ನೇರ ತಂತಿ ಜೋಡಿಸಿದೆ. ಸೆಕೆಂಡಿಗೆ ಎಷ್ಟು ಮಾಹಿತಿ ಹೊರಗೆ ಹೋಗಬೇಕು ಎಂಬ ಲೆಕ್ಕಕ್ಕೆ ಬಿಟ್‌ರೇಟ್ ಎನ್ನುತ್ತಾರೆ, ಅದನ್ನು ಆರು ಸಾವಿರದಿಂದ ಮೂರೂವರೆ ಸಾವಿರಕ್ಕೆ ಇಳಿಸಿದೆ. ನಲವತ್ತು ನಿಮಿಷ ಆಟವನ್ನು ರೆಕಾರ್ಡ್ ಮಾಡಿ ನೋಡಿದೆ. ನೀರು ಹರಿದ ಹಾಗೆ ಹರಿಯಿತು. ದಸ್ತಗೀರ್‌ಭಾಯ್ ಅವರ ಹೆಂಡತಿ ಹುಸೇನ್‌ಬಿ ಚಹಾ ತಂದುಕೊಟ್ಟರು. ಕುಡಿದು, ಅಂಗಡಿ ತೆರೆಯಬೇಕೆಂದು ಮೂರು ಗಂಟೆಯ ಬಸ್ಸಿಗೆ ಹೊರಟೆ. ಬಸ್ಸು ಬೆಳಗಾವಿ ಮುಟ್ಟಿತ್ತೋ ಇಲ್ಲವೋ, ಫೋನ್.

"ಮತ್ತ ಜಗ್ಗತೈತ್ರಿ."

ಸ್ಟ್ರೀಮಿಂಗ್ ತಂತ್ರಾಂಶದಲ್ಲಿ ಒಂದು ಕಿಟಕಿ ಇರುತ್ತದೆ. ಎಷ್ಟು ಚಿತ್ರ ಎಲ್ಲಿ ತಪ್ಪಿದವು ಎಂದು ಮೂರು ಕೆಲಸಕ್ಕೂ ಬೇರೆ ಬೇರೆ ತೋರಿಸುತ್ತದೆ. ಲೈವ್ ನಡೆದಾಗಲೇ ಅದರ ಫೋಟೋ ತೆಗೆದು ಕಳಿಸಲು ಹೇಳಿದೆ. ಫೋಟೋ ನೋಡಿ ತಲೆ ಗಿರ್ ಎಂದಿತು. ಇಂಟರ್ನೆಟ್ಟಿನಲ್ಲಿ ತಪ್ಪಿದ್ದು ಸೊನ್ನೆ. ತಪ್ಪಿದ್ದೆಲ್ಲ ಚಿತ್ರ ಬಿಡಿಸುವ ಮೊದಲ ಕೆಲಸದಲ್ಲೇ. ಅಂದರೆ ನಾನು ತಂತಿ ಎಳೆದದ್ದು, ಬಿಟ್‌ರೇಟ್ ಇಳಿಸಿದ್ದು ಎಲ್ಲ ನೀರಲ್ಲಿ ಹೋಮ.

ಮತ್ತೆ ಹೋದೆ. ಈ ಸಲ ಬೇರೆ ಪವರ್ ಸಪ್ಲೈ ಹಾಕಿದೆ, ಮೆಮರಿ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಅಳಿಸಿ ಹೊಸದಾಗಿ ಕೂರಿಸಿದೆ. ಒಂದು ತಾಸು ಓಡಿಸಿದೆ, ಅರವತ್ತು. ಹುಸೇನ್‌ಬಿ ಮತ್ತೆ ಚಹಾ ತಂದರು. ಸಕ್ಕರೆ ಕಡಿಮೆ ಇರಲಿ ಎಂದೆ. ಮತ್ತೆ ಮೂರು ಗಂಟೆಯ ಬಸ್ಸು, ಮತ್ತೆ ನಾಲ್ಕೂಕಾಲರ ಫೋನ್.

"ನೀವು ಏನರ ಒತ್ತತೀರೇನ್ರಿ ಭಾಯ್? ಖರೇ ಹೇಳ್ರಿ" ಎಂದು ಒದರಿಬಿಟ್ಟೆ.

"ಅಲ್ಲಾನ ಆಣಿ, ಏನೂ ಒತ್ತೂದಿಲ್ಲ. ನೀವ ಹೋದ್ರಂದ್ರ ಸಾಕು, ಅದಕ್ಕ ಗೊತ್ತಾಗತೈತಿ ನೋಡ್ರಿ."

ಇಪ್ಪತ್ತೊಂದು ವರ್ಷ ಕೆಲಸ ಮಾಡಿದವನಿಗೆ ಇದಕ್ಕಿಂತ ಅವಮಾನದ ಮಾತು ಇಲ್ಲ. ನಾನು ಇದ್ದಾಗ ಸರಿ, ನಾನು ಹೋದ ಮೇಲೆ ಕೆಟ್ಟಿತು ಎಂದರೆ ನಾನು ರಿಪೇರಿ ಮಾಡಿದ್ದಾದರೂ ಏನು? ರಾತ್ರಿ ಊಟಕ್ಕೆ ಕೂತರೂ ಅದೇ ಯೋಚನೆ. ನಡುವೆ ನೋಡುವವರು ಎಂಬತ್ತರಿಂದ ಮೂವತ್ತಕ್ಕೆ ಇಳಿದಿದ್ದರು. ಶನಿವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಶನಿವಾರ ಅಂಗಡಿಗೆ ಬೀಗ ಹಾಕಿ ಮಧ್ಯಾಹ್ನ ಹನ್ನೆರಡಕ್ಕೇ ಖಾನಾಪುರ ಮುಟ್ಟಿದೆ. ಓಡಿಸಿ ನೋಡಿದೆ, ನನ್ನ ಕರ್ಮಕ್ಕೆ ಅರವತ್ತೇ ಬಂತು. ಮೂರು ಗಂಟೆಯ ಬಸ್ಸನ್ನು ಬಿಟ್ಟೆ. ನನ್ನ ದನಿ ಮೈಕಿನಲ್ಲಿ ಬರಬಾರದೆಂದು ಪಡಸಾಲೆಯಲ್ಲಿ ಕೂತು, ಪೀರನವಾಡಿಯಲ್ಲಿ ಕಾಣುವ ಹಾಗೆಯೇ ಮೊಬೈಲಿನಲ್ಲಿ ಲೈವ್ ನೋಡತೊಡಗಿದೆ. ನಾಲ್ಕಕ್ಕೆ ಸರಿಯಾಗಿ ದಸ್ತಗೀರ್‌ಭಾಯ್ ಸಲಾಂ ಹೇಳಿ ಲಾರಿ ತೆಗೆದರು. ದನಿಯಲ್ಲಿ ಎಂಥ ಠೀವಿ! ಕನ್ನಡಿ ನೋಡುವ ರೀತಿ, ತಿರುವಿಗೆ ಮೊದಲೇ ಗೇರ್ ಇಳಿಸುವ ರೀತಿ, ಎಲ್ಲ ಹೇಳುತ್ತ ಹೊರಟರು. ಹತ್ತು ನಿಮಿಷ ಎಲ್ಲ ಚೆಂದ. ಹನ್ನೊಂದನೆಯ ನಿಮಿಷಕ್ಕೆ ಲಾರಿ ಒಮ್ಮೆ ಮುಗ್ಗರಿಸಿತು. ಹದಿಮೂರಕ್ಕೆ ಪೂರಾ ಕುಂಟತೊಡಗಿತು. ಪಾಠ ನೋಡುತ್ತಿದ್ದ ಮಾಲೀಕರು ಕೆಳಗೆ ಬರೆದರು, "ಮತ್ತ ಸುರು ಆತಲ್ರಿ."

ಸದ್ದಾಗದ ಹಾಗೆ ಎದ್ದು ಕೋಣೆಯ ಬಾಗಿಲಿಗೆ ಬಂದೆ.

ಮೇಜಿನ ಮೇಲೆ ಕಂಪ್ಯೂಟರಿನ ಡಬ್ಬಿ ಕಾಣಲಿಲ್ಲ. ಅದರ ಜಾಗದಲ್ಲಿ ಒಂದು ಕೌದಿ ಇತ್ತು. ಹಳೆಯ ಸೀರೆ ಲುಂಗಿಗಳನ್ನು ಪದರು ಪದರಾಗಿ ಹೊಲಿದ, ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಹೊದೆಯುವ ದಪ್ಪ ಕೌದಿ. ಅದನ್ನು ಡಬ್ಬಿಯ ಸುತ್ತ ಹೊದಿಸಿ, ಅಂಚುಗಳನ್ನು ಕೆಳಗೆ ತುರುಕಿದ್ದರು. ಪಕ್ಕದ ಸ್ಟೂಲಿನ ಮೇಲೆ ಹುಸೇನ್‌ಬಿ ಕೂತಿದ್ದರು, ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿದರು. ಮುಟ್ಟಿದೆ. ಕಾದ ಹಂಚಿನ ಹಾಗಿತ್ತು. ಗ್ರಾಫಿಕ್ಸ್ ಕಾರ್ಡ್ ಮಿತಿ ಮೀರಿ ಕಾದಾಗ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಷ್ಟೇ ರೋಗ.

ಕೌದಿ ಎಳೆದುಹಾಕಿದೆ. ಒಳಗಿನ ಫ್ಯಾನುಗಳ ಭರ್ ಎಂಬ ಸದ್ದು ಕೋಣೆ ತುಂಬಿತು. ದಸ್ತಗೀರ್‌ಭಾಯ್ ಬೆಚ್ಚಿ ಹಿಂದೆ ನೋಡಿದರು, ನನ್ನ ಮುಖ ನೋಡಿ ಏನೋ ಅರ್ಥ ಮಾಡಿಕೊಂಡು ಮತ್ತೆ ಮೈಕಿಗೆ ತಿರುಗಿದರು.

"ಸಪ್ಪಳ ಬರಾಕ ಹತ್ತೈತಿ, ಬರಲಿ ಬಿಡ್ರಿ. ನಾಳೆ ಖರೇ ಗಾಡ್ಯಾಗ ಕುಂತಾಗ ಇದಕ್ಕಿಂತ ಜೋರ ಬರತೈತಿ. ಅದರಾಗ ನನ್ನ ಮಾತು ಕೇಳಾಕ ಈಗ ರೂಢಿ ಮಾಡ್ಕೊಳ್ರಿ."

ಎರಡು ನಿಮಿಷದಲ್ಲಿ ಫ್ರೇಮ್ ರೇಟ್ ನಲವತ್ತು ದಾಟಿತು, ಆಮೇಲೆ ಅರವತ್ತು. ಉಳಿದ ಮುಕ್ಕಾಲು ತಾಸು ಲಾರಿ ಎಲ್ಲಿಯೂ ಕುಂಟಲಿಲ್ಲ. ಐದಕ್ಕೆ ಮಾಲೀಕರ ಫೋನ್ ಬಂತು. ಸೋಮವಾರದಿಂದ ಪಾಠ ಸುರು ಮಾಡಿ ಎಂದರು. ದಸ್ತಗೀರ್‌ಭಾಯ್ ಫೋನ್ ಇಟ್ಟು, ಮುಖಕ್ಕೆ ಟವೆಲ್ ಒತ್ತಿಕೊಂಡರು.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. "ಭಾಬಿ, ಯಾವಾಗಿಂದ ಹೊದಸಾಕ ಹತ್ತೀರಿ ಇದನ್ನ?" ಎಂದೆ.

"ತಿಂಗಳ ಮ್ಯಾಲಾತ್ರಿ. ಫ್ಯಾನಿನ ಸಪ್ಪಳ ಕೇಳಿ, ಹಿಂದ ಹಿಟ್ಟಿನ ಗಿರಣಿ ಐತೇನ ಚಾಚಾ ಅಂತ ಲೈವ್ ಕೆಳಗ ಯಾರೋ ಬರದಿದ್ರು. ಇವರಿಗೆ ಭಾಳ ಕೆಟ್ಟ ಅನಿಸ್ತು. ಅದಕ್ಕ ಲೈವ್ ಸುರು ಆಗೂ ಮುಂದ ಹೊದಸ್ತೀನಿ, ಮುಗದ ಮ್ಯಾಲ ತಗೀತೀನಿ."

"ನನಗ ಒಂದ ಮಾತ ಹೇಳಬಾರದೇನ್ರಿ?"

"ನೀವ ಎಲ್ಲಿ ಕೇಳಿದ್ರಿ?" ಎಂದರು ಹುಸೇನ್‌ಬಿ, ದನಿ ಏರಿಸದೆ. "ಸಕ್ಕರಿ ಕಡಿಮಿ ಹಾಕ್ರಿ ಅಂದ್ರಿ. ಹಾಕಿದೆ."

ಆ ಸಪ್ಪಳವನ್ನು ಸೋಸಿ ತೆಗೆಯಲು ತಂತ್ರಾಂಶದಲ್ಲೇ ಒಂದು ಫಿಲ್ಟರ್ ಇದೆ, ಹಾಕಲು ಅರ್ಧ ನಿಮಿಷ ಸಾಕು. ಆಗಲೇ ಹಾಕಿಕೊಟ್ಟೆ. ಮೂರು ವಾರ ಯಂತ್ರವನ್ನೇ ವಿಚಾರಣೆ ಮಾಡಿದ ಪುಣ್ಯಾತ್ಮ ನಾನು, ಮನೆಯಲ್ಲಿದ್ದ ಎರಡನೆಯ ಮನುಷ್ಯರನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಹೊರಡುವಾಗ ಹುಸೇನ್‌ಬಿ ಕೌದಿ ಮಡಚುತ್ತ ನಿಂತಿದ್ದರು. ಲೈವ್ ಮುಗಿದೊಡನೆ ಬಿಸಿ ಕೌದಿಯನ್ನು ಗಂಡನ ಆ ಮೊಣಕಾಲಿಗೆ ಸುತ್ತುತ್ತಿದ್ದರಂತೆ. ರಾಡ್ ಹಾಕಿದ ಕಾಲು ಸಂಜೆಯಾದರೆ ಸೆಳೆಯುತ್ತಿತ್ತು. ಆ ಬಿಸಿಗೆ ಹಾಯೆನಿಸಿ ಅವರು ಒಂದಿಷ್ಟು ನಿದ್ದೆ ಮಾಡುತ್ತಿದ್ದರಂತೆ.

"ಇನ್ನ ಕಾಲಿಗೆ ಏನ್ ಮಾಡೂದ್ರಿ?" ಎಂದು ನನ್ನನ್ನೇ ಕೇಳಿದರು.

ಒಳಗಿನಿಂದ ದಸ್ತಗೀರ್‌ಭಾಯ್ ಹೇಳಿದರು, "ಕಾಲು ನೋಯಲಿ ತಗೋ. ಗಾಡಿ ಓಡ್ತಲ್ಲ."

ಕೆಟ್ಟ ಯಂತ್ರವನ್ನು ಮೇಜಿನ ಮೇಲೆ ಒಂಟಿಯಾಗಿ ಇಟ್ಟು ನೋಡುವುದನ್ನು ನನಗೆ ಕಲಿಸಿದ್ದರು, ನಾನೂ ಅದನ್ನೇ ವಿದ್ಯೆ ಎಂದುಕೊಂಡಿದ್ದೆ. ಯಂತ್ರ ಒಂಟಿಯಾಗಿ ಬದುಕುವುದಿಲ್ಲ. ಅದು ಯಾರದೋ ಮನೆಯಲ್ಲಿ, ಯಾರದೋ ನೋವಿನ ಪಕ್ಕದಲ್ಲಿ, ಯಾರದೋ ಅಕ್ಕರೆಯ ಕೆಳಗೆ ಓಡುತ್ತಿರುತ್ತದೆ. ಈಗ ಯಾರ ಮನೆಗೆ ಹೋದರೂ ಮೊದಲು ಕೂತು ಮಾತಾಡಿಸುತ್ತೇನೆ, ಕಂಪ್ಯೂಟರ್ ಎಂದರೆ ತಮಗೇನೂ ತಿಳಿಯದು ಎಂದು ದೂರ ನಿಂತವರನ್ನು ಎಲ್ಲರಿಗಿಂತ ಮೊದಲು.