ಕಾಕುವಿನ ಅಂಜಿಕೆಯ ಪಿಕ್ಚರುಗಳು

ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಗಬೇಡಿ, ಖರೇ ಮಾತು. ನಿಮಗೆ ಆ ವಾಸನೆಯಲ್ಲಿ ಚಟ್ನಿಯೋ ಹೋಳಿಗೆಯೋ ನೆನಪಾಗಬಹುದು. ನನಗೆ ನೆನಪಾಗುವುದು ವಿಲೆ ಪಾರ್ಲೆಯ ಹಳೇ ಬಿಲ್ಡಿಂಗಿನ ನಮ್ಮ ಎರಡು ಖೋಲಿಯ ಮನೆ, ಎಳೆದ ಪರದೆ, ಟಿವಿಯೊಳಗೆ ಉದ್ದನೆಯ ಕಾರಿಡಾರಿನಲ್ಲಿ ಒಬ್ಬಳೇ ನಡೆಯುತ್ತಿರುವ ಹೆಂಗಸು, ಮತ್ತು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು ಕೂತ ನನ್ನ ಕಾಕು. ಕಾಕು ಅಂದರೆ ಚಿಕ್ಕಪ್ಪನ ಹೆಂಡತಿ, ಹೆಸರು ಶಾರದಾ, ತವರು ವಿಜಯಪುರದ ಕಡೆ. ಅಪ್ಪ ಅವ್ವ ಇಬ್ಬರೂ ನೌಕರಿಗೆ ಹೋಗುತ್ತಿದ್ದರು. ಕಾಕಾ ವಿಕ್ರೋಳಿಯ ಒಂದು ಫ್ಯಾಕ್ಟರಿಯಲ್ಲಿ ಮಷೀನ್ ರಿಪೇರಿ ಮಾಡುತ್ತಿದ್ದರು. ಒಂದು ದೀಪಾವಳಿಗೆ ಬೋನಸ್ ಬಂದಾಗ ಅವರೇ ವಿಸಿಆರ್ ತಂದಿಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಆ ವಿಸಿಆರ್ ಮುಂದೆ ಮಧ್ಯಾಹ್ನವೆಲ್ಲ ನಾನು ಮತ್ತು ಕಾಕು.

ಕಾಕುವಿನ ಪಿಕ್ಚರಿನ ಹುಚ್ಚು ಮಂದಿಯ ಹುಚ್ಚಿನಂಥದ್ದಲ್ಲ. ಹಾಡು ಬೇಡ, ಹೊಡೆದಾಟ ಬೇಡ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಅಂಜಿಕೆ ಬರುವ ಕ್ಯಾಸೆಟ್ಟನ್ನೇ ಆರಿಸಿ ತರುತ್ತಿದ್ದಳು, ಆದರೆ ದೆವ್ವ ಇದ್ದರೆ ವಾಪಸ್. ಬಿಳಿ ಸೀರೆ, ಬಿಚ್ಚಿದ ಕೂದಲು ಕಂಡರೆ "ಅಯ್ಯ, ಇದೇನ ಹುಡುಗಾಟ" ಎಂದು ಎದ್ದುಹೋಗಿ ಅಕ್ಕಿ ಆರಿಸಲು ಕೂರುವಳು. ಅವಳಿಗೆ ಬೇಕಾದದ್ದು ಬೇರೆ: ಒಳ್ಳೆಯ ಮನೆ, ಒಳ್ಳೆಯ ಗಂಡ, ಎಲ್ಲ ಛಲೋ, ಆದರೆ ಏನೋ ಸರಿಯಿಲ್ಲ ಅಂತ ಹೆಂಡತಿಗೊಬ್ಬಳಿಗೇ ಗೊತ್ತು. ಹೆಚ್ಚಿನವು ಇಂಗ್ಲಿಷಿನವು. ಕಾಕುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಶಾಣ್ಯಾತನ ತೋರಿಸಲು ಕನ್ನಡ ಮಾಡಿ ಹೇಳಲು ಹೋದರೆ ಬಾಯಿಗೆ ನಾಲ್ಕು ಶೇಂಗಾ ತುರುಕಿ, "ಮಾತ ಬ್ಯಾಡ, ಆಕಿ ಮುಖಾ ನೋಡು" ಅನ್ನುವಳು. ದೆವ್ವವೇ ಇಲ್ಲದಿದ್ದರೆ ಅಂಜಿಕೆ ಎಲ್ಲಿಂದ ಬರಬೇಕು ಎಂದು ಒಮ್ಮೆ ಕೇಳಿದೆ. "ದೆವ್ವ ಬಂತಂದ್ರ ಮುಗೀತಲ್ಲ, ಹುಚ್ಚಿ. ಆಮ್ಯಾಲ ಎಲ್ಲಾರೂ ನಂಬತಾರ. ಅದು ಬರೂಕಿಂತ ಮೊದಲ ಆಕೀನ್ನ ಯಾರೂ ನಂಬಂಗಿಲ್ಲ ನೋಡು, ಅದ ಖರೇ ಅಂಜಿಕಿ" ಅಂದಳು. ನನಗೆ ಅರ್ಥವಾಗಲಿಲ್ಲ, ಶೇಂಗಾ ತಿಂದೆ.

ಅರ್ಥವಾದದ್ದು ನಮ್ಮ ಮನೆಯಲ್ಲೇ ಅಂಥದ್ದು ಶುರುವಾದಾಗ. ಅಡುಗೆಮನೆಯ ಗೋಡೆಯೊಳಗೆ ಸಪ್ಪಳ ಬರುತ್ತಿದೆ ಎಂದು ಕಾಕು ಒಂದು ದಿನ ರೊಟ್ಟಿ ಬಡಿಸುತ್ತಾ ಹೇಳಿದಳು. ಕಾಕಾ ನಕ್ಕರು, ಅಪ್ಪನೂ ನಕ್ಕರು. "ಪಿಕ್ಚರ್ ನೋಡಿ ನೋಡಿ ನಿನ್ನ ತಲ್ಯಾಗ ಸಪ್ಪಳಾ ಬರಾಕತ್ತೈತಿ" ಎಂದರು ಕಾಕಾ. ಅವರು ಕೆಟ್ಟವರಲ್ಲ, ಹೆಂಡತಿಗೆ ಮಲ್ಲಿಗೆ ತರದೆ ಮನೆಗೆ ಬಂದವರಲ್ಲ. ಆದರೆ ಕಾಕು ಮತ್ತೆ ಮತ್ತೆ ಅದನ್ನೇ ಹೇಳಿದಾಗ ಅವಳ ಒಳ್ಳೆಯದಕ್ಕೇ ಎಂದು ವಿಸಿಆರನ್ನು ಹಳೇ ಚಾದರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಕಾಕು ಆಮೇಲೂ ಶೇಂಗಾ ಹುರಿಯುತ್ತಿದ್ದಳು, ಆದರೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆದಳು. "ನಿನಗರೇ ಕೇಳಸ್ತೈತೇನ ನೋಡವಾ. ಇಲ್ಲಂದ್ರ ನನಗ ಖರೇನ ಹುಚ್ಚ ಹಿಡದೈತಿ." ಪಿಕ್ಚರಿನ ಹೆಂಗಸಿನ ಮುಖವನ್ನು ಆವತ್ತು ನಾನು ನಮ್ಮ ಮನೆಯಲ್ಲೇ ನೋಡಿದೆ. ಗೋಡೆಗೆ ಕಿವಿ ಹಚ್ಚಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆಲ್ಲೋ, ಶೇಂಗಾದ ಸಿಪ್ಪೆ ಒಡೆದ ಹಾಗೆ, ಚಟ್ ಅಂತು. ಹೇಳಿದೆ. ಕಾಕು ಅಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸಂಜೆ ಕಾಕಾ ಬಂದಾಗ ನಾನೇ ಕೂಗಿ ಹೇಳಿದೆ. "ಒಂದ ಹುಚ್ಚ ಇತ್ತು, ಈಗ ಎರಡಾದ್ವು" ಎಂದು ಅವರು ಚಹಾ ಕೇಳಿದರು. ಕಾಕು ಚಹಾ ಕೊಡಲಿಲ್ಲ. ಅವರ ಕೆಲಸದ ಚೀಲವನ್ನು ತಂದು, ಅದರಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಮುಂದೆ ಹಿಡಿದಳು. ಅದರ ತುದಿಯನ್ನು ಓಡುವ ಮಷೀನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿದರೆ ಒಳಗೆ ಏನು ಕೆಟ್ಟಿದೆ ಎಂದು ಗೊತ್ತಾಗುತ್ತದೆಂದು ಕಾಕಾ ನಮಗೆಲ್ಲ ಎಷ್ಟೋ ಸಲ ಕೊಚ್ಚಿಕೊಂಡಿದ್ದರು. "ಫ್ಯಾಕ್ಟರ್ಯಾಗ ಮಷೀನ್ ಏನ್ ಅಂತೈತಿ ಅಂತ ದಿನಾ ಕೇಳ್ತೀರಿ. ಮನ್ಯಾಗ ಹೆಂಡ್ತಿ ಹೇಳಿದ್ದು ಕೇಳವಲ್ರಿ. ಬಿಡ್ರಿ, ಗ್ವಾಡಿ ಮಾತರೇ ಕೇಳ್ರಿ" ಅಂದಳು. ಕಾಕಾ ನಗುತ್ತಲೇ ಎದ್ದರು, ನಗುತ್ತಲೇ ಗೋಡೆಗೆ ಹಚ್ಚಿ ಕಿವಿ ಕೊಟ್ಟರು. ನಿಂತರು. ಇನ್ನೊಂದು ಜಾಗಕ್ಕೆ ಹಚ್ಚಿದರು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಮೇಲಿನ ಕೆಳಗಿನ ಮನೆಗಳ ಬಾಗಿಲು ಬಡಿಯಲು ಹೋದರು.

ಗೋಡೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಗೋಡೆಯನ್ನು ಒಳಗಿಂದಲೇ ಸೀಳುತ್ತಿತ್ತಂತೆ. ಇಂಜಿನಿಯರ್ ಬಂದು ನೋಡಿ ಎಲ್ಲರನ್ನೂ ಖಾಲಿ ಮಾಡಿಸಿದ. ಆ ಮಳೆಗಾಲದಲ್ಲೇ ಬಿಲ್ಡಿಂಗಿನ ಅಡುಗೆಮನೆಗಳ ಕಡೆಯ ಭಾಗ ಕುಸಿದುಬಿತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾವು ಆಗಲೇ ದಹಿಸರಿಗೆ ಬಂದಿದ್ದೆವು. ಹೊಸ ಮನೆಯಲ್ಲಿ ಕಾಕಾ ಮೊದಲು ಬಿಚ್ಚಿದ್ದು ಚಾದರಿನಲ್ಲಿ ಸುತ್ತಿದ ಆ ಗಂಟು. ರಜೆಯ ದಿನ ತಾವೇ ಕ್ಯಾಸೆಟ್ ತಂದು ಕಾಕುವಿನ ಪಕ್ಕ ಕೂರತೊಡಗಿದರು. "ನೀವ್ ಬಾಜೂಕ ಕುಂತ್ರ ಅಂಜಿಕೀನ ಬರವಲ್ದು, ಅತ್ತಾಗ ಸರೀರಿ" ಎಂದು ಅವಳು ಬೈಯುವಳು, ಅವರು ಸರಿಯುತ್ತಿರಲಿಲ್ಲ.

ಈಗ ನನ್ನ ಮಗಳು ಅಂಥವನ್ನೇ ಮೊಬೈಲಿನಲ್ಲಿ ನೋಡುತ್ತಾಳೆ. ಯಾಕೆ ಎಂದು ಕೇಳಿದರೆ, "ಡರ್ ಲಗ್ತಾ ಹೈ ತೋ ಅಚ್ಛಾ ಲಗ್ತಾ ಹೈ ಮಮ್ಮಿ, ಅಂಜಿಕಿ ಬಂದ್ರ ಛಲೋ ಅನಸ್ತೈತಿ, ಯಾಕ ಗೊತ್ತಿಲ್ಲ" ಅನ್ನುತ್ತಾಳೆ. ನನಗೆ ಗೊತ್ತು ಅನ್ನಿಸುತ್ತದೆ. ಯಾರೂ ನಂಬದ ಒಂದು ಮಾತು ನಮ್ಮೆಲ್ಲರ ಹೊಟ್ಟೆಯೊಳಗೂ ಇರುತ್ತದೆ. ಪಿಕ್ಚರ್ ಮುಂದೆ ಕತ್ತಲಲ್ಲಿ ಕೂತಷ್ಟು ಹೊತ್ತು ಆ ಹೆಂಗಸನ್ನು ನಾವಾದರೂ ನಂಬುತ್ತೇವೆ. ನೀವು ನೋಡುತ್ತೀರಾದರೆ ನಿಮಗೂ ತಿಳಿದೀತು.

ಕಾಕು ಹೋದ ವರ್ಷ ತೀರಿಕೊಂಡಳು. ಮೊನ್ನೆ ಮಧ್ಯಾಹ್ನ ಶೇಂಗಾ ಹುರಿದು ಕಾಕಾನನ್ನು ಕರೆಯಲು ಹೋದರೆ, ಅವರು ತಮ್ಮ ಖೋಲಿಯ ಗೋಡೆಗೆ ಆ ಹಳೇ ಸ್ಕ್ರೂಡ್ರೈವರ್ ಹಚ್ಚಿ ಕಿವಿ ಕೊಟ್ಟು ನಿಂತಿದ್ದರು. "ಏನರೇ ಸಪ್ಪಳಾ ಬರಾಕತ್ತೈತೇನ್ರಿ ಕಾಕಾ?" ಎಂದೆ. "ಇಲ್ಲವಾ. ಗ್ವಾಡಿ ಗಟ್ಟಿ ಐತಿ" ಅಂದರು. ಅದನ್ನು ಕಿವಿಯಿಂದ ತೆಗೆಯಲಿಲ್ಲ. "ನಿಂದ ಖರೇ ಇತ್ತು ಅಂತ ಆಕಿಗೆ ನಾ ಒಮ್ಮೆನೂ ಬಾಯಿ ಬಿಟ್ಟ ಹೇಳ್ಲಿಲ್ಲ ನೋಡು."

ನಾನು ಶೇಂಗಾದ ಬಟ್ಟಲನ್ನು ಅವರ ಕೈಗೆ ಕೊಟ್ಟು, ಟಿವಿಯಲ್ಲಿ ಕಾಕುವಿನ ಒಂದು ಪಿಕ್ಚರ್ ಹಚ್ಚಿ, ಪರದೆ ಎಳೆದೆ. ಇಬ್ಬರೂ ಮಾತಾಡದೆ ಆ ಹೆಂಗಸಿನ ಮುಖ ನೋಡುತ್ತಾ ಕೂತೆವು.