ಹುಲಿಗೆಮ್ಮನ ‘ಆಲ್ಗಿಯೆನ್’

ಮೂರು ವರ್ಷದ ಹಿಂದಿನ ಮಾತು. ಆಗ ನಾನು ರಾಯಚೂರಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದೆ. ‘ಇಲ್ಲಿ ಸ್ಪ್ಯಾನಿಷ್ ಯಾರಿಗೆ ಬೇಕಬೇ ಯವ್ವಾ?’ ಎಂದು ನಗುವವರಿಗೇನೂ ಕಡಿಮೆ ಇರಲಿಲ್ಲ. ಆದರೂ ಹನ್ನೊಂದು ಮಂದಿ ಸೇರಿದ್ದರು. ಮಾನ್ವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಲಿಗೆಮ್ಮ ಎಲ್ಲರಿಗಿಂತ ಚುರುಕು. ವಿದೇಶಕ್ಕೆ ಹತ್ತಿ ಕಳಿಸುವ ಕಂಪನಿಯೊಂದು ಆಕೆಗೆ ಕೆಲಸ ಕೊಡಲು ಒಪ್ಪಿತ್ತು. ಸ್ಪ್ಯಾನಿಷ್ ಮೌಖಿಕ ಪರೀಕ್ಷೆ ಪಾಸಾಗಬೇಕಿತ್ತು, ಅಷ್ಟೇ. ಆ ಮನೆಗೆ ಅದೇ ಮೊದಲ ನೌಕರಿ.

ಆ ವಾರ ಇಂಥವರು, ಇಂಥದು ಎಂದು ಗುರುತು ಹೇಳದ ಪದಗಳ ಪಾಠ. ಆಲ್ಗಿಯೆನ್ ಎಂದರೆ ‘ಯಾರೋ ಒಬ್ಬರು’, ನಾದಿಯೆ ಎಂದರೆ ‘ಯಾರೂ ಇಲ್ಲ’. ಆಲ್ಗೊ ‘ಏನೋ ಒಂದು’, ನಾದಾ ‘ಏನೂ ಇಲ್ಲ’. ಪಾಠ ಮುಗಿಸಿ ಮೌಖಿಕದ ಅಭ್ಯಾಸಕ್ಕೆ ಕೂರಿಸಿದೆ. ಮನೆಮಂದಿಯನ್ನು ಹೆಸರು ಹಿಡಿದು ಪರಿಚಯಿಸುವುದೇ ಅದರಲ್ಲಿ ಮೊದಲ ಪ್ರಶ್ನೆ. ‘ಗಂಡನ ಹೆಸರೇನು?’ ಎಂದೆ.

‘ಆಲ್ಗಿಯೆನ್’ ಎಂದಳು ಹುಲಿಗೆಮ್ಮ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ‘ಗಂಡಗ ಯಾರೋ ಅಂತೀಯೇನಬೇ? ಪರೀಕ್ಷಾದಾಗ ಹಿಂಗಂದ್ರ ಫೇಲೇ!’ ಎಂದು ಜೋರು ಮಾಡಿದೆ. ಆಕೆ ತಲೆ ತಗ್ಗಿಸಿದಳು. ಮರುದಿನ ಬರಲಿಲ್ಲ. ಪರೀಕ್ಷೆಗೆ ಐದೇ ದಿನ ಉಳಿದಿದ್ದವು.

ಮೂರನೆಯ ದಿನ ಆಕೆಯ ಗಂಡನೇ ಬಂದ. ಸೆಂಟ್ರಿಂಗ್ ಕೆಲಸ ಬಿಟ್ಟು ಬಂದಿದ್ದ. ಅಂಗಿಯ ಮೇಲೆ ಸಿಮೆಂಟು ಹಾಗೇ ಇತ್ತು.

‘ಆಕಿಗೆ ಪಾಠ ಬರ್ತದ್ರೀ ಮೇಡಂ. ನನ್ನ ಹೆಸರು ಹೇಳಾಕ ಬಾಯಿ ಬರಂಗಿಲ್ಲ. ಮದುವಿ ದಿನ ಒಡಪು ಹಾಕಿ ಹೇಳಿದ್ಲು, ಅದ ಕಡೀ ಸಲರೀ.’

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಒಂದೆರಡು ಸಾಲು ಕಟ್ಟಿ, ಕೊನೆಗೆ ಹೆಸರು ಸೇರಿಸುತ್ತಾಳೆ. ಅದೇ ಒಡಪು. ನನಗೆ ನಾಚಿಕೆಯಾಯಿತು. ದೇವದುರ್ಗದ ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದಾಗಲೆಲ್ಲ ನಮ್ಮವ್ವ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅದನ್ನು ನೋಡುತ್ತ ಬೆಳೆದವಳು ನಾನು, ಮರೆತೇಬಿಟ್ಟಿದ್ದೆನಲ್ಲ!

‘ತಪ್ಪು ನಂದ್ರೀ. ಕರಕೊಂಡ್ ಬರ್ರಿ. ಒಡಪು ಹಾಕೇ ಹೇಳ್ಲಿ’ ಎಂದೆ.

ಪರೀಕ್ಷೆ ನಮ್ಮ ಕೇಂದ್ರದ ಕಂಪ್ಯೂಟರಿನಲ್ಲೇ ನಡೆಯಿತು. ನಾನೂ ಆಕೆಯ ಗಂಡನೂ ತೆರೆದ ಬಾಗಿಲಾಚೆ ಕೂತಿದ್ದೆವು. ಪರದೆಯ ಮೇಲಿನ ಪರೀಕ್ಷಕಿ ಗಂಡನ ಹೆಸರು ಕೇಳಿದರು. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಸ್ಪ್ಯಾನಿಷಿನಲ್ಲೇ ಹೇಳಿದಳು: ‘ನಾನು ಓದುತ್ತೇನೆ ಎಂದಾಗ ಯಾರೂ ಹೂಂ ಅನ್ನಲಿಲ್ಲ. ಯಾರೋ ಒಬ್ಬರು ಬಸ್ ಪಾಸು ತಂದು ಕೈಗಿಟ್ಟರು. ಆ ಒಬ್ಬರು ಮಲ್ಲಪ್ಪ.’

ಮಲ್ಲಪ್ಪನಿಗೆ ತಿಳಿದದ್ದು ಅದೊಂದೇ ಪದ. ದಡಕ್ಕನೆ ಎದ್ದು ನಿಂತ. ‘ನನ್ನ ಹೆಸರು ಅಂದ್ಲಲ್ರೀ, ಮೇಡಂ?’

ಹೂಂ ಎಂದೆ. ಆತ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಹುಲಿಗೆಮ್ಮ ಪಾಸಾದಳು. ಈಗ ಕ್ಲಾಸಿನಲ್ಲಿ ಯಾರಾದರೂ ತಪ್ಪು ಉತ್ತರ ಕೊಟ್ಟರೆ ನಾನು ಮೊದಲು ‘ಯಾಕೆ?’ ಎಂದು ಕೇಳುತ್ತೇನೆ, ಕೆಂಪು ಪೆನ್ನು ಆಮೇಲೆ.