ಕ್ಲಚ್ ಅಕ್ಕನ ಕಾರಿನಲ್ಲಿ ಬೆಕ್ಕಿನವರು

ಅವಳ ನಿಜವಾದ ಹೆಸರು ಲೈಸೆನ್ಸಿನ ಮೇಲಿತ್ತು, ಜನರ ಬಾಯಲ್ಲಿದ್ದದ್ದು ಕ್ಲಚ್ ಅಕ್ಕ. ಅವಳಿಗಿಂತ ಎಷ್ಟೋ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಒಡತಿ, ಕಲಿಸುವವಳು, ಸಂಜೆ ಬಕೆಟ್ಟು ಹಿಡಿದು ಕಾರು ತೊಳೆಯುವವಳು, ಎಲ್ಲ ಅವಳೇ. ಸ್ಕೂಲು ಎಂದರೆ ಮನೆಯ ಮುಂದಿನ ಕೋಣೆ, ಗೋಡೆಯ ಮೇಲೆ ಬಣ್ಣ ಮಾಸಿದ ಸಂಚಾರ ಚಿಹ್ನೆಗಳ ಚಾರ್ಟು, ಬೀದಿಯಲ್ಲಿ ಒಂದು ಬಿಳಿ ಕಾರು. ಆ ಕಾರಿಗೆ ಎರಡೂ ಕಡೆ ಬ್ರೇಕು, ಎರಡೂ ಕಡೆ ಕ್ಲಚ್ಚು. ಕಲಿಯುವವರು ತಪ್ಪಿದರೆ ಪಕ್ಕದ ಸೀಟಿನಿಂದ ಅವಳು ಒತ್ತುತ್ತಿದ್ದಳು. ಒತ್ತುವ ಮೊದಲು "ಕ್ಲಚ್ಚು! ಕ್ಲಚ್ಚು!" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಪಕ್ಕದಲ್ಲಿ ಸೈಕಲ್ಲಿನಲ್ಲಿ ಹೋಗುವವರೂ ಗಾಬರಿಬಿದ್ದು ಕಾಲು ಒತ್ತಿಬಿಡುತ್ತಿದ್ದರು.

ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಮನೆಯಲ್ಲಿ ಅವಳು, ಅತ್ತೆ, ಆಮೇಲೆ ಬಂದು ಸೇರಿದ ಬೆಕ್ಕು.

ಬೆಕ್ಕು ಬಂದದ್ದು ಹೀಗೆ. ಒಂದು ಬೆಳಿಗ್ಗೆ ಬಾನೆಟ್ಟಿನ ಮೇಲೆ ಬೂದು ಬಣ್ಣದ, ದಪ್ಪ ತಲೆಯ ಗಂಡು ಬೆಕ್ಕೊಂದು ಕೂತಿತ್ತು. ಹಾರ್ನು ಹೊಡೆದರೂ ಏಳಲಿಲ್ಲ. ಇಂಜಿನ್ ಚಾಲೂ ಮಾಡಿದರೆ, ಕೆಳಗಿನಿಂದ ಹಿತವಾಗಿ ಬಿಸಿ ಬಂತಲ್ಲ, ಇನ್ನೂ ಅಗಲವಾಗಿ ಹರಡಿಕೊಂಡಿತು. ಆ ದಿನದ ಮೊದಲ ಪಾಠ ರದ್ದಾಯಿತು. "ಇದೆಂಥ ಹ್ಯಾಂಡ್‌ಬ್ರೇಕು!" ಎಂದಳು ಕ್ಲಚ್ ಅಕ್ಕ. ಹೆಸರು ಅಲ್ಲೇ ಬಿತ್ತು.

"ಒಂದೋ ಈ ಮನೇಲಿ ಅದಿರಬೇಕು, ಇಲ್ಲಾ ನಾನಿರಬೇಕು" ಎಂದರು ಅತ್ತೆ. ವಾರ ಕಳೆಯುವುದರೊಳಗೆ ಇಬ್ಬರೂ ಒಂದೇ ಮಂಚದ ಮೇಲೆ ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದರು. ಕೇಳಿದರೆ, "ನಾನೆಲ್ಲಿ ಕರೆದೆ? ಅದೇ ಬಂದು ಬಿದ್ಕೊಂಡಿದೆ. ದೊಡ್ಡವಳು ನಾನು, ಜಗಳ ಯಾಕೆ ಅಂತ ಸುಮ್ಮನಿದೀನಿ" ಎನ್ನುತ್ತಿದ್ದರು.

ಎರಡು ವರ್ಷ ಸುಖವಾಗಿ ಉರುಳಿದವು. ಆಮೇಲೆ ಹ್ಯಾಂಡ್‌ಬ್ರೇಕು ಊಟ ಬಿಟ್ಟಿತು. ವಸಡು ಬಿಳಿಚಿಕೊಂಡಿತ್ತು, ಮೈ ಬಿಸಿ. ಬೆಕ್ಕಿನ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ತೆಗೆದು ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. ಡಾಕ್ಟರುಗಳು ಕುರ್ಚಿ ಎಳೆದುಕೊಂಡರೆ ಒಳ್ಳೆಯ ಸುದ್ದಿಯಲ್ಲ ಎಂದು ಕ್ಲಚ್ ಅಕ್ಕನಿಗೆ ಗೊತ್ತಿತ್ತು. ಬೆಕ್ಕಿನ ಲ್ಯುಕೇಮಿಯಾ, ಅಂದರು. ವೈರಸ್ಸಿನಿಂದ ಬರುವುದು. ವಾಸಿ ಮಾಡುವ ಔಷಧಿ ಇಲ್ಲ, ಆದರೆ ಜೋಪಾನ ಮಾಡಿದರೆ ಚೆನ್ನಾಗಿರುವ ದಿನಗಳು ಬೇಕಾದಷ್ಟಿವೆ. ಅಕ್ಕನಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ.

ಬುಟ್ಟಿಯನ್ನು ಹಿಂದಿನ ಸೀಟಿನ ಮೇಲಿಟ್ಟು ಕಾರು ಹತ್ತಿದಳು. ಕಾರು ಒಮ್ಮೆ ಕುಪ್ಪಳಿಸಿ ನಿಂತುಹೋಯಿತು. ಮತ್ತೆ ಚಾಲೂ ಮಾಡಿದಳು, ಮತ್ತೆ ನಿಂತಿತು. ಊರಿಗೆಲ್ಲ ಕ್ಲಚ್ಚು ಒತ್ತಿಸಿದವಳು ತಾನೇ ಕ್ಲಚ್ಚು ಒತ್ತದೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ತಲೆ ಹಾರ್ನಿನ ಮೇಲೆ ಬಿದ್ದದ್ದರಿಂದ ಅಳುವಿನ ಜೊತೆ ಹಾರ್ನೂ ಒಂದೇ ಸಮ ಕೂಗುತ್ತಿತ್ತು.

ಯಾರೋ ಕಿಟಕಿ ತಟ್ಟಿದರು. ದಪ್ಪ ಕನ್ನಡಕ, ಕೈಯಲ್ಲಿ ಬುಟ್ಟಿ. ಮಾರುಕಟ್ಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು, ಎಲ್ಲರೂ ಚಾಳೀಸು ಮಾಮ ಎನ್ನುತ್ತಿದ್ದರು.

"ತಪ್ಪು ತಿಳ್ಕೋಬೇಡಿ. ಬೆಕ್ಕು ಅಂದ್ರೆ ಯಾವ ಗಾಡಿಯವರೂ ಹತ್ತಿಸ್ಕೊಳ್ತಿಲ್ಲ. ನೀವು ಮಾರ್ಕೆಟ್ ಕಡೆ ಹೋಗೋದಾದ್ರೆ... ಅಂದ್ರೆ, ಹೋಗೋ ಥರ ಆದ್ಮೇಲೆ."

ಅವಳು ಬಾಗಿಲು ತೆರೆದಳು. ಅವರು ಹತ್ತಿ ಕೂತು, ಹಿಂದಿನ ಬುಟ್ಟಿಯತ್ತ ನೋಡಿ, ಮೆಲ್ಲಗೆ ಕೇಳಿದರು, "ಲ್ಯುಕೇಮಿಯಾನಾ?"

"ಹೂಂ."

"ನಮ್ಮ ಮೇಡಂಗೂ ಅದೇ" ಎಂದು ತಮ್ಮ ಬುಟ್ಟಿಯ ಮುಚ್ಚಳ ತುಸು ಎತ್ತಿದರು. ಕಪ್ಪು ಬಿಳುಪಿನ ಮುಖವೊಂದು ಜಗತ್ತಿನ ಮೇಲೆಯೇ ಬೇಸರವಾದಂತೆ ನೋಡಿತು. "ಮೂರು ವರ್ಷ ಆಯ್ತು ಗೊತ್ತಾಗಿ. ಇವತ್ತು ಬೆಳಿಗ್ಗೆ ನನ್ನ ಚಪ್ಪಲಿ ಕಚ್ಚಿ ಹಾಕಿದಾಳೆ. ಅಷ್ಟು ಚೆನ್ನಾಗಿದಾಳೆ."

ಕ್ಲಚ್ ಅಕ್ಕ ಅಳುತ್ತಲೇ ನಕ್ಕಳು. ಹಿಂದಿನಿಂದ ಹ್ಯಾಂಡ್‌ಬ್ರೇಕು ಒಂದು ಕೂಗು ಹಾಕಿತು, ಮೇಡಂ ಅದಕ್ಕಿಂತ ದೊಡ್ಡ ಕೂಗು ಹಾಕಿದಳು. ಆಸ್ಪತ್ರೆಯ ಅಂಗಳದಲ್ಲಿ ನಾಲ್ವರೂ ಒಟ್ಟಿಗೆ ಗದ್ದಲ ಮಾಡಿದರು.

ದಾರಿಯುದ್ದಕ್ಕೂ ಮಾಮ ಹೇಳುತ್ತ ಬಂದರು. ಇದು ಮನುಷ್ಯರಿಗೆ ಅಂಟುವುದಿಲ್ಲ, ಒಂದು ಬೆಕ್ಕಿನ ಎಂಜಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹೊರಗೆ ಬಿಡಬಾರದು. ಹಸಿ ಮಾಂಸ ಬೇಡ. ಸಣ್ಣ ಜ್ವರಕ್ಕೂ ಡಾಕ್ಟರಮ್ಮನ ಹತ್ತಿರ ಓಡಬೇಕು. "ಮತ್ತೆ ಫೋನಲ್ಲಿ ಓದ್ತಾ ಕೂರಬೇಡಿ. ನಾನು ಓದಿ ಓದಿ ಮೇಡಂನ ದಿನಾ ಒಂದು ಸಲ ಕೊಂದಿದೀನಿ. ಅವಳು ಪಾಪ ಕಿಟಕೀಲಿ ಕೂತು ಪಾರಿವಾಳ ನೋಡ್ತಿದ್ಲು."

ಇಳಿಯುವಾಗ ಅವಳು, "ಮಾಮ, ನಿಮಗೆ ಗಾಡಿ ಓಡಿಸೋಕೆ ಬರಲ್ವಾ?" ಎಂದಳು. ಅವರ ಮುಖ ನಾಚಿಕೆಯಿಂದ ಕೆಂಪಾಯಿತು. ಪರೀಕ್ಷೆಯಲ್ಲಿ ಮೂರು ಸಲ ಫೇಲು. "ನಾಳೆಯಿಂದ ಬನ್ನಿ" ಎಂದಳು ಕ್ಲಚ್ ಅಕ್ಕ.

ಶುರುವಾದದ್ದು ಹೀಗೆ. ಡಾಕ್ಟರಮ್ಮ ಅಲ್ಲಿಂದ ಮುಂದೆ ಯಾರಿಗಾದರೂ ಈ ಸುದ್ದಿ ಹೇಳಬೇಕಾಗಿ ಬಂದರೆ, ಕೊನೆಗೆ ಕ್ಲಚ್ ಅಕ್ಕನ ನಂಬರನ್ನೂ ಹೇಳತೊಡಗಿದರು. ಒಬ್ಬೊಬ್ಬರೇ ಬಂದರು. ಬೇಕರಿಯ ಅಮ್ಮ, ಲೆಕ್ಕದ ಮೇಷ್ಟ್ರು, ಮದುವೆ ಫೋಟೋ ತೆಗೆಯುವ ಹುಡುಗಿ. ಎಲ್ಲರೂ ಕಣ್ಣೊರೆಸುತ್ತ ಬರುತ್ತಿದ್ದರು. ಕ್ಲಚ್ ಅಕ್ಕನಿಗೆ ಕೂತಲ್ಲಿ ಸಮಾಧಾನ ಹೇಳುವುದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ವಿದ್ಯೆ. ಬಂದವರನ್ನು ಹಳೆಯ ಕಾರ್ಖಾನೆಯ ಹಿಂದಿನ ಖಾಲಿ ಮೈದಾನಕ್ಕೆ ಕರೆದೊಯ್ದು ಡ್ರೈವರ್ ಸೀಟಿನಲ್ಲಿ ಕೂರಿಸಿಬಿಡುತ್ತಿದ್ದಳು.

"ಅಯ್ಯೋ, ನಾನು ಡ್ರೈವಿಂಗ್ ಕಲಿಯೋಕೆ ಬಂದಿಲ್ಲ ಅಕ್ಕ!" ಎಂದಿದ್ದರು ಬೇಕರಿಯ ಅಮ್ಮ.

"ನಾನು ಕಲಿಸ್ತಾನೂ ಇಲ್ಲ. ಸುಮ್ನೆ ಸ್ಟೇರಿಂಗ್ ಹಿಡ್ಕೊಳಿ. ಎರಡೂ ಕೈಲಿ ಸ್ಟೇರಿಂಗ್ ಹಿಡಿದವರಿಗೆ ಕಣ್ಣೊರೆಸೋಕೂ ಆಗಲ್ಲ, ಫೋನ್ ನೋಡೋಕೂ ಆಗಲ್ಲ. ಈಗ ಹೇಳಿ, ಏನಾಯ್ತು?"

ಬೇಕರಿಯ ಅಮ್ಮ ಹೇಳತೊಡಗಿದರು, ಕಾರು ಮೈದಾನದಲ್ಲಿ ಸುತ್ತತೊಡಗಿತು. "ನಮ್ಮ ಬನ್ನುಗೆ ಬಂದಿದ್ದು ನನ್ನಿಂದಾನೇ ಅಕ್ಕ, ನಾನೇ ಹೊರಗೆ ಬಿಟ್ಟಿದ್ದು. ಅಯ್ಯೋ ಗೋಡೆ!"

"ಬಲಕ್ಕೆ ತಿರುಗಿಸಿ. ಬನ್ನು ನಿಮ್ಮನೆಗೆ ಬರೋ ಮುಂಚೆನೇ ಅವರಮ್ಮನಿಂದ ಬಂದಿರಬಹುದು. ನನ್ನೋನು ಬೀದಿಯಿಂದಾನೇ ಬಂದಿದ್ದು. ಯಾರಿಗೆ ಗೊತ್ತು? ಕ್ಲಚ್ಚು! ಕ್ಲಚ್ಚು!"

"ಮನೇಲಿ ಇನ್ನೊಂದಿದೆ, ಅದಕ್ಕೆ ಪರೀಕ್ಷೆಲಿ ಏನೂ ಇಲ್ಲ ಅಂತ ಬಂತು. ಅದನ್ನೇನು ಮಾಡ್ಲಿ?"

"ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳಿನ ತೊಟ್ಟಿ. ಲಸಿಕೆ ಇದೆ, ಡಾಕ್ಟರಮ್ಮನ್ನ ಕೇಳಿ. ಸೆಕೆಂಡ್ ಗೇರ್ ಹಾಕಿ!"

"ಹಾಕ್ದೆ! ಅಕ್ಕ, ಹೋಗ್ತಿದೆ! ಕಾರು ಹೋಗ್ತಿದೆ!"

ಮೈದಾನದ ನಡುವೆ ಬೇಕರಿಯ ಅಮ್ಮ ಕೇಕೆ ಹಾಕುತ್ತ ಸುತ್ತಿದರು, ಸುತ್ತಿದರು, ನಿಲ್ಲಿಸುವುದು ಹೇಗೆಂದು ತಿಳಿಯದೆ ಇನ್ನೂ ಸುತ್ತಿದರು. ಇಳಿದಾಗ ಮುಖ ಅರಳಿತ್ತು. ಮರುದಿನ ಒಂದು ಪೆಟ್ಟಿಗೆ ಬಿಸ್ಕತ್ತು ಹಿಡಿದುಕೊಂಡು ಮತ್ತೆ ಬಂದರು.

ಹೀಗೆ ಆ ಕಾರಿಗೊಂದು ಪದ್ಧತಿಯೇ ಆಯಿತು. ಹೊಸಬರು ಮುಂದೆ, ಹಳಬರು ಹಿಂದೆ ಇಕ್ಕಟ್ಟಿನಲ್ಲಿ, ಎಲ್ಲರೂ ಒಟ್ಟಿಗೆ ಮಾತು. ಯಾರ ಬೆಕ್ಕು ಮಾತ್ರೆಯನ್ನು ಕೆನ್ನೆಯಲ್ಲಿ ಬಚ್ಚಿಟ್ಟು ಸೋಫಾದ ಹಿಂದೆ ಉಗುಳಿತು, ಯಾರ ಬೆಕ್ಕಿಗೆ ಹಸಿವು ಬಂತು. ಆಸ್ಪತ್ರೆಗೆ ಹೋಗುವ ಬೆಕ್ಕುಗಳಿದ್ದ ದಿನ ಬುಟ್ಟಿಗಳು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವು, ಚಾಳೀಸು ಮಾಮ ಓಡಿಸುತ್ತಿದ್ದರು. ಸ್ವಲ್ಪ ಜರ್ಕು ಹೊಡೆದರೂ ಮೇಡಂ ಹಿಂದಿನಿಂದ ಬೈಯುತ್ತಿದ್ದಳು. ಅವಳ ಬೈಗುಳಕ್ಕೆ ಹೆದರಿ ಮಾಮ ಬೆಣ್ಣೆಯಲ್ಲಿ ಚಾಕು ಎಳೆದಂತೆ ಓಡಿಸುವುದನ್ನು ಕಲಿತರು.

ಎಲ್ಲ ದಿನವೂ ನಗುವಿನದೇ ಆಗಿರಲಿಲ್ಲ. ಚಳಿಗಾಲದಲ್ಲಿ ಲೆಕ್ಕದ ಮೇಷ್ಟ್ರ ಬೆಕ್ಕು ಹೋಯಿತು. ಮರುದಿನ ಅವರು ಎಂದಿನ ಹೊತ್ತಿಗೆ ಮೈದಾನಕ್ಕೆ ಬಂದು ನಿಂತಿದ್ದರು. ಕ್ಲಚ್ ಅಕ್ಕ ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದಳು. "ಇವತ್ತು ನಾನು ಓಡಿಸ್ತೀನಿ ಮೇಷ್ಟ್ರೇ, ನೀವು ಸುಮ್ನೆ ಕೂತ್ಕೊಳಿ" ಎಂದಳು. ಮೆಲ್ಲಗೆ ಊರೆಲ್ಲ ಸುತ್ತಿಸಿದಳು. ಹಿಂದೆ ಕೂತ ಬೇಕರಿಯ ಅಮ್ಮ ಮೇಷ್ಟ್ರ ಭುಜದ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಮೇಷ್ಟ್ರು, "ಮಕ್ಕಳ ಉತ್ತರಪತ್ರಿಕೆ ಮೇಲೆ ಮಲಗ್ತಿದ್ದ. ಅವನು ಮಲಗಿದ ಪತ್ರಿಕೆಗಳಿಗೆಲ್ಲ, ಎಬ್ಬಿಸೋಕೆ ಮನಸ್ಸಾಗದೆ, ನೋಡದೇನೇ ಪಾಸ್ ಹಾಕಿದೀನಿ" ಎಂದರು. ಆಮೇಲೆ ಮೇಷ್ಟ್ರೇ ಮೊದಲು ನಕ್ಕರು. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಬೆಕ್ಕಿಲ್ಲದವರು ಬರಬಾರದು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಇನ್ನು ಚಾಳೀಸು ಮಾಮನ ಪರೀಕ್ಷೆಯ ದಿನ. ಪರೀಕ್ಷೆ ಮಾಡುವ ಅಧಿಕಾರಿ ಗಂಭೀರ ಮೀಸೆಯವರು. ಮುಂದೆ, ಎರಡನೇ ಬ್ರೇಕಿನ ಸೀಟಿನಲ್ಲಿ ಅವರು, ಹಿಂದೆ ಕ್ಲಚ್ ಅಕ್ಕ. ಮಾಮನ ಕೈ ಬೆವರುತ್ತಿತ್ತು. ಹಿಂದಿನಿಂದ ಬೈಯಲು ಮೇಡಂ ಇಲ್ಲದೆ ಕಾರು ಕಪ್ಪೆಯಾಗಿತ್ತು. ಅಧಿಕಾರಿಯ ತಲೆ ಎರಡು ಸಲ ಮೇಲಿನ ತಗಡಿಗೆ ತಾಗಿತು.

"ಎಡಕ್ಕೆ" ಎಂದರು ಅಧಿಕಾರಿ. ಎಡಕ್ಕೆ ತಿರುಗಿದರೆ ಅದು ಕ್ಲಚ್ ಅಕ್ಕನದೇ ಬೀದಿ. ನಟ್ಟನಡು ರಸ್ತೆಯಲ್ಲಿ ಅತ್ತೆ ನಿಂತಿದ್ದಾರೆ. ಒಂದು ಕೈಯಲ್ಲಿ ಟವೆಲ್ಲು ಸುತ್ತಿದ ಹ್ಯಾಂಡ್‌ಬ್ರೇಕು, ಇನ್ನೊಂದು ಕೈ ಪೊಲೀಸರ ಹಾಗೆ ಮೇಲೆ. ಕಾಲಲ್ಲಿ ಚಪ್ಪಲಿಯಿಲ್ಲ. ಮಾಮ ಬ್ರೇಕು ಒತ್ತಿದರು. ಅತ್ತೆ ಹಿಂದಿನ ಬಾಗಿಲು ತೆರೆದು ಹತ್ತಿಯೇ ಬಿಟ್ಟರು.

"ಮೈ ಕೆಂಡ ಆಗಿದೆ ಕಣೇ, ಉಸಿರು ಎಳೀತಿದೆ. ನಡೀರಿ ಆಸ್ಪತ್ರೆಗೆ!"

"ಅಮ್ಮಾ, ಇದು ಪರೀಕ್ಷೆ" ಎಂದರು ಅಧಿಕಾರಿ.

"ಮಾಡಪ್ಪ, ಯಾರು ಬೇಡ ಅಂದ್ರು? ಆಸ್ಪತ್ರೆವರೆಗೂ ಮಾಡು."

"ದಾರಿ ಯಾವುದು ಅಂತ ನಾನು ಹೇಳ್ಬೇಕು."

"ಹಾಗಾದ್ರೆ ಬೇಗ ಹೇಳು!"

ಅಧಿಕಾರಿ ಹಿಂದೆ ತಿರುಗಿ ನೋಡಿದರು. ಟವೆಲ್ಲಿನಿಂದ ಇಣುಕಿದ ದಪ್ಪ ತಲೆ, ಅರ್ಧ ಮುಚ್ಚಿದ ಕಣ್ಣು. ಕೆಳಗೆ ಮುದುಕಿಯ ಧೂಳು ಮೆತ್ತಿದ ಬರಿಗಾಲು. ಅವರು ಮುಂದೆ ತಿರುಗಿ ಮೀಸೆ ನೀವಿಕೊಂಡರು. "ಮುಂದಿನ ವೃತ್ತದಲ್ಲಿ ಬಲಕ್ಕೆ ತಗೊಳ್ಳಿ. ಯಾವ ಆಸ್ಪತ್ರೆ?" ಸೀಟಿನಲ್ಲಿ ತುಸು ಮುಂದೆ ಸರಿದು, "ಅಂಟುತ್ತಾ?" ಎಂದರು.

"ಬೆಕ್ಕಿಗೆ ಮಾತ್ರ ಸಾರ್!" ಮೂವರೂ ಒಂದೇ ದನಿಯಲ್ಲಿ ಹೇಳಿದರು.

ಆಮೇಲೆ ಚಾಳೀಸು ಮಾಮ ಓಡಿಸಿದ ಓಟವನ್ನು ಕ್ಲಚ್ ಅಕ್ಕ ಇಂದಿಗೂ ಹೇಳುತ್ತಾಳೆ. ಹಿಂದೆ ಸೀಕು ಬೆಕ್ಕು ಕೂತಿದೆ ಎಂದು ಗೊತ್ತಾದದ್ದೇ ಅವರ ಕೈ ಬೆವರುವುದು ನಿಂತಿತು. ಗೇರು ಬಿದ್ದದ್ದು ಗೊತ್ತಾಗಲಿಲ್ಲ, ಗುಂಡಿ ಬಂದು ಹೋದದ್ದು ಗೊತ್ತಾಗಲಿಲ್ಲ. ಲಾರಿಗೆ ದಾರಿ ಕೊಟ್ಟರು, ಸಿಗ್ನಲ್ಲಿಗೆ ನಿಂತರು, ಶಾಲೆಯ ಮಕ್ಕಳನ್ನು ದಾಟಿಸಿದರು. ಅತ್ತೆ ಹಿಂದಿನಿಂದ "ಇನ್ನೂ ಸ್ವಲ್ಪ ಜೋರಾಗಿ" ಎಂದರೆ, "ವೇಗದ ಮಿತಿ ಇದೆ ಅಮ್ಮಾ" ಎಂದು ಅಧಿಕಾರಿಯೇ ಉತ್ತರ ಕೊಟ್ಟರು. ಆಸ್ಪತ್ರೆಯ ಅಂಗಳದಲ್ಲಿ ಎರಡು ಗಾಡಿಗಳ ನಡುವಿನ ಕಿಷ್ಕಿಂಧೆಗೆ ಮಾಮ ಕಾರನ್ನು ರಿವರ್ಸಿನಲ್ಲಿ ಒಂದೇ ಏಟಿಗೆ ನುಗ್ಗಿಸಿದರು. ಅಧಿಕಾರಿಯ ಬಾಯಿಂದ "ಆಹಾ" ಎಂಬ ಶಬ್ದ ಹೊರಟಿತು.

ಮಾಮ ಧಡಕ್ಕನೆ ಇಳಿದು, ಅತ್ತೆಯ ಮಡಿಲಿನಿಂದ ಬೆಕ್ಕನ್ನು ಎತ್ತಿಕೊಂಡು ಬಾಗಿಲಿನತ್ತ ಓಡಿದರು. ಕ್ಲಚ್ ಅಕ್ಕ, ಅತ್ತೆ ಹಿಂದೆಯೇ ಓಡಿದರು. ಕಾರಿನೊಳಗೆ ಉಳಿದವರು ಅಧಿಕಾರಿ ಒಬ್ಬರೇ, ಮತ್ತು ಕಾರು ಮೆಲ್ಲಗೆ ಇಳಿಜಾರಿನಲ್ಲಿ ಹೊರಟಿತು.

"ಹ್ಯಾಂಡ್‌ಬ್ರೇಕು! ಹ್ಯಾಂಡ್‌ಬ್ರೇಕು!" ಅಧಿಕಾರಿ ಕಿಟಕಿಯಿಂದ ತಲೆ ಹೊರಹಾಕಿ ಅರಚಿದರು.

ಮಾಮ ಓಡುತ್ತಲೇ ತಿರುಗಿ, ಟವೆಲ್ಲಿನ ಗಂಟನ್ನು ಎತ್ತಿ ತೋರಿಸಿದರು. "ಇಲ್ಲೇ ಇದಾನೆ ಸಾರ್! ನನ್ನ ಕೈಯಲ್ಲೇ ಇದಾನೆ!"

ಅಧಿಕಾರಿ ತಮ್ಮ ಕಡೆಯ ಬ್ರೇಕನ್ನು ಒತ್ತಿ ಕಾರು ನಿಲ್ಲಿಸಿ, ಮಾಮ ಮರೆತಿದ್ದ ಕಾರಿನ ಹ್ಯಾಂಡ್‌ಬ್ರೇಕನ್ನು ತಾವೇ ಎಳೆದರು. ಆಮೇಲೆ ಒಳಗೆ ಬಂದು, ಬೆಂಚಿನ ಮೇಲೆ ಸಾಲಾಗಿ ಕೂತ ಮೂವರ ಪಕ್ಕದಲ್ಲಿ ತಾವೂ ಕೂತರು. "ಓಡಿಸಿದ್ದು ಚೆನ್ನಾಗಿತ್ತು. ಆದ್ರೆ ಫೇಲ್ ಮಾಡ್ಲೇಬೇಕು" ಎಂದರು. ಆಗಲೇ ಅವರಿಗೆ ಬೆಕ್ಕಿನ ಹೆಸರು ಏನೆಂದು ತಿಳಿದದ್ದು. ಆ ಗಂಭೀರ ಮೀಸೆ ಮೊದಲು ಅದುರಿತು, ಆಮೇಲೆ ಕುಣಿಯಿತು. ಡಾಕ್ಟರಮ್ಮ ಬಾಗಿಲು ತೆರೆದಾಗ ನಾಲ್ವರು ದೊಡ್ಡವರು ಒಬ್ಬರ ಮೇಲೊಬ್ಬರು ಒರಗಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಅತ್ತೆಯಂತೂ ನಗುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಹ್ಯಾಂಡ್‌ಬ್ರೇಕು ಮೂರು ದಿನ ಆಸ್ಪತ್ರೆಯಲ್ಲಿತ್ತು. ಜ್ವರ ಇಳಿಯಿತು. "ಮುಂದೆ ಹೇಗೋ ನಾನು ಹೇಳಲಾರೆ, ಈಗ ಮನೆಗೆ ಕರ್ಕೊಂಡು ಹೋಗಬಹುದು" ಎಂದರು ಡಾಕ್ಟರಮ್ಮ. ಕ್ಲಚ್ ಅಕ್ಕನಿಗೆ ಈ ಸಲ ಎರಡನೆಯ ಅರ್ಧವೂ ಕೇಳಿಸಿತು. ಮನೆಗೆ ಬಂದ ಸಂಜೆ ಬೇಕರಿಯವರು, ಮೇಷ್ಟ್ರು, ಫೋಟೋ ಹುಡುಗಿ ಎಲ್ಲರೂ ಕೈ ತೊಳೆದುಕೊಂಡು ಸಾಲಾಗಿ ನಿಂತು ನೋಡಿದರು. ಅದು ಯಾರನ್ನೂ ಲೆಕ್ಕಿಸದೆ ಅತ್ತೆಯ ದಿಂಬಿನ ಮೇಲೆ ಹತ್ತಿ ಬೆನ್ನು ತಿರುಗಿಸಿ ಕೂತಿತು. ಮುಂದಿನ ತಿಂಗಳು ಚಾಳೀಸು ಮಾಮ ಐದನೆಯ ಪರೀಕ್ಷೆ ಪಾಸಾದರು. ಇಳಿಯುವ ಮೊದಲು ಕಾರಿನ ಹ್ಯಾಂಡ್‌ಬ್ರೇಕನ್ನು ಎಷ್ಟು ಬಲವಾಗಿ ಎಳೆದಿದ್ದರೆಂದರೆ, ಬಿಡಿಸಲು ಮೆಕ್ಯಾನಿಕ್ಕನ್ನು ಕರೆಸಬೇಕಾಯಿತು.

ಅದಾದ ಮರುದಿನ ಬೆಳಿಗ್ಗೆ ಕ್ಲಚ್ ಅಕ್ಕ ಕಾರಿನ ಹತ್ತಿರ ಹೋದರೆ, ಅತ್ತೆ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಬೆನ್ನ ಹಿಂದೆ ಎರಡು ದಿಂಬು, ಕಾಲಲ್ಲಿ ಹೊಸ ಬೂಟು.

"ಏನತ್ತೆ ಇದು?"

"ನೀನು ಮನೇಲಿ ಇಲ್ಲದಾಗ ನಾನು ರಸ್ತೆಲಿ ಕೈ ಅಡ್ಡ ಹಿಡ್ಕೊಂಡು ನಿಲ್ಲಕ್ಕಾಗಲ್ಲ. ಹತ್ತು, ಹೊತ್ತಾಯ್ತು. ಮತ್ತೆ ನೋಡು, ನನ್ನ ಮೇಲೆ ಮಾತ್ರ ಕೂಗಬೇಡ. ನಾನು ನಿನ್ನ ಅತ್ತೆ."